ಎಮರಿ ಪುಡಿಯಲ್ಲಿ ಬರೆದ ನದಿ

ಮೂವತ್ತನಾಲ್ಕನೆಯ ವಯಸ್ಸಿಗೆ ನಿವೃತ್ತಿ ಎಂದರೆ ಕೇಳಿದವರಿಗೆ ನಗು ಬರುತ್ತದೆ. ಹೈದರಾಬಾದಿನ ತಾರ್ನಾಕದ ಎದೆರೋಗದ ಡಾಕ್ಟರಿಗೆ ಬರಲಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದ್ದೀಯೇನಮ್ಮಾ?" ಎಂದು ಕೇಳಿದರು. ಅನಿಮೇಷನ್ ಚಿತ್ರ ಮಾಡುತ್ತೇನೆ ಎಂದೆ. ಕಂಪ್ಯೂಟರಿನ ಮುಂದೆ ಕೂರುವವರ ಎದೆಯಲ್ಲಿ ಹೀಗೆ ಧೂಳು ಕೂರುವುದಿಲ್ಲ ಎಂದರು. ಗಾಜು, ಪುಡಿ, ಬೆರಳು ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಇನ್ನು ಆ ಪುಡಿಯನ್ನು ಮುಟ್ಟಕೂಡದು ಎಂದು ಹೇಳಿ ಮುಂದಿನವರನ್ನು ಒಳಗೆ ಕರೆದರು.

ನಾಚಾರಂನ ನಮ್ಮ ಯೂನಿಟ್ಟಿಗೆ ಈಚೆಗೆ ಸೇರಿದ ಹುಡುಗ ಹುಡುಗಿಯರು ಈ ಕೆಲಸ ಹೇಗಿತ್ತು ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಿನವೂ ತಾರೀಖು ಹಾಕಿ, ಅಂದು ಎಷ್ಟು ಚಿತ್ರ ತೆಗೆದೆವು ಎಂದು ಬರೆದಿಡುವುದು ನನ್ನ ಹಳೆಯ ಚಟ. ಆದ್ದರಿಂದ ಯಾವುದು ಮೊದಲು, ಯಾವುದು ನಂತರ ಎಂಬುದರಲ್ಲಿ ತಪ್ಪು ಇರಲಾರದು. ನಾನು ಕಲಿತದ್ದೆಲ್ಲ ಒಬ್ಬರಿಂದಲೇ. ಹಾಗಾಗಿ ನನ್ನ ಕೆಲಸದ ಕತೆ ಬಹುಮಟ್ಟಿಗೆ ಅವರ ಕತೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿಕೊಳ್ಳಿ. ನಾವು ಕಟ್ಟುತ್ತಿದ್ದದ್ದು ಬರೀ ಕರವಸ್ತ್ರ.

ನಾನು ಕಲಬುರಗಿಯವಳು. ಚಿತ್ರಕಲೆ ಓದಿ ಹೈದರಾಬಾದಿಗೆ ಬಂದು, ಉಪ್ಪಲ್‌ನಲ್ಲಿದ್ದ ಅಕ್ಕನ ಮನೆಯಿಂದ ಕೆಲಸಕ್ಕೆ ಓಡಾಡುತ್ತಿದ್ದೆ. ಯೂನಿಟ್ಟಿನ ಮಾಲಿಕರು ಸುಧಾಕರ ಗಾರು. ಬೇರೆ ದೇಶದ ಕಂಪನಿಗಳು ಬರೆದುಕೊಟ್ಟ ಕಾರ್ಟೂನುಗಳಿಗೆ ಉಳಿದ ಚಿಲ್ಲರೆ ಕೆಲಸ ಮಾಡಿಕೊಡುವುದು ನಮ್ಮ ಉದ್ಯೋಗ. ಮೊದಲ ಎರಡು ವರ್ಷ ನಾನು ಒಂದು ಇಲಿಯ ಕಣ್ಣುರೆಪ್ಪೆ ಮುಚ್ಚಿಸಿ ತೆರೆಸಿದೆ. ಆ ಇಲಿ ಏನು ಹೇಳುತ್ತಿತ್ತು, ಯಾಕೆ ಓಡುತ್ತಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೂರನೆಯ ವರ್ಷದ ಜನವರಿಯಲ್ಲಿ ವೇರಾ ಮೇಡಂ ಬಂದರು. ಎಪ್ಪತ್ತು ದಾಟಿದ ರಷ್ಯದ ಹೆಂಗಸು. ನಲವತ್ತು ವರ್ಷ ಅನಿಮೇಷನ್ ನಿರ್ದೇಶನ ಮಾಡಿದವರು. ಅವರು ಹೈದರಾಬಾದಿಗೆ ಬಂದದ್ದು ಸಿನಿಮಾ ಮಾಡಲು ಅಲ್ಲ, ಕಣ್ಣು ತೋರಿಸಲು. ಕಣ್ಣಿನ ನಡುಭಾಗ ಸಾಯುವ ಕಾಯಿಲೆ ಅದು. ಅಂಚಿನಲ್ಲಿರುವುದು ಕಾಣುತ್ತದೆ, ನೇರ ಎದುರಿಗಿರುವುದು ಕಾಣುವುದಿಲ್ಲ. ನಮ್ಮ ಮುಖ ನೋಡಬೇಕಾದರೆ ನಮ್ಮ ಕಿವಿಯ ಆಚೆಗೆ ನೋಡುತ್ತಿದ್ದರು. ಇಲ್ಲಿನ ಡಾಕ್ಟರು ಪೂರ್ತಿ ವಾಸಿಯಾಗುವುದಿಲ್ಲ, ತಿಂಗಳಿಗೊಮ್ಮೆ ಕಣ್ಣಿಗೆ ಸೂಜಿ ಹಾಕಿದರೆ ಸ್ವಲ್ಪ ಕಾಲ ತಡೆಯಬಹುದು ಎಂದರು. ಆ ಸ್ವಲ್ಪ ಕಾಲದಲ್ಲಿ ಒಂದು ಚಿತ್ರ ಮುಗಿಸಬೇಕು ಎಂದು ಅವರು ಹಟ ಹಿಡಿದರು. ಹಿಂದೆ ಯಾವುದೋ ಚಿತ್ರೋತ್ಸವದಲ್ಲಿ ಪರಿಚಯವಾಗಿದ್ದ ಸುಧಾಕರ ಗಾರು ಜಾಗ ಕೊಟ್ಟರು. ಹೊರದೇಶದ ಒಂದು ಟ್ರಸ್ಟು ಖರ್ಚು ಒಪ್ಪಿಕೊಂಡಿತು, ವರ್ಷದ ಕೊನೆಯೊಳಗೆ ಚಿತ್ರ ಕೈಗೆ ಬರಬೇಕೆಂಬ ಕರಾರಿನ ಮೇಲೆ.

ಸಹಾಯಕರನ್ನು ಆರಿಸಲು ಅವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದು ತಟ್ಟೆಯಲ್ಲಿ ಮರಳು ಇಟ್ಟು, ಗೆರೆ ಎಳೆಯಿರಿ ಎಂದರು. ಉಳಿದವರು ಪೆನ್ಸಿಲ್ ಹಿಡಿದಂತೆ ಬೆರಳಿನಿಂದ ಗೀಚಿದರು. ನಾನು ಎರಡು ಬೆರಳಿನ ನಡುವೆ ಚಿಟಿಕೆ ಹಿಡಿದು ಸುರಿದೆ. ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ ಕೈ ಬೇರೆ ರೀತಿ ಮಾಡಲಾರದು. ವೇರಾ ಮೇಡಂ ತಲೆ ಓರೆ ಮಾಡಿ ನೋಡಿ, "ಇವಳು" ಎಂದರು.

ಕಸ ಗುಡಿಸುತ್ತಿದ್ದ ಮಲ್ಲಮ್ಮ ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೂಲಿ.

"ರಂಗೋಲಿ ಹಾಕಾಕ ಸಂಬಳ ಕೊಡ್ತಾರೇನ್ರಿ ಅಕ್ಕಾರ? ಮತ್ತ ನನ್ನ ಯಾಕ ಸಾಲಿನ್ಯಾಗ ನಿಲ್ಲಸ್ಲಿಲ್ಲ? ಚಂದ್ರನ ಮ್ಯಾಲೂ ಹಾಕ್ತೀನಿ ನಾ" ಎಂದಳು.

ವೇರಾ ಮೇಡಂ ಏನೆಂದು ಕೇಳಿದರು. ಹೇಳಿದೆ. ನಕ್ಕರು. ಅವರು ನಮ್ಮೊಂದಿಗೆ ಮಾತಾಡಿದ್ದು ಮುರುಕು ಇಂಗ್ಲಿಷಿನಲ್ಲಿ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಲ್ಲಮ್ಮನ ಬಾಯಿಂದ ಕೆಲವು ಕನ್ನಡದ ಮಾತನ್ನೂ ಕಲಿತಿದ್ದರು. ಚಾ, ಸಾಕು, ಬ್ಯಾಡ. ನನ್ನನ್ನು ಶಶಿಕಲಾ ಎನ್ನಲು ಬಾರದೆ ಸಾಶಾ ಎಂದು ಕರೆದರು. ಅವರ ಊರಿನಲ್ಲಿ ಅದೂ ಒಂದು ಹೆಸರಂತೆ.

ಕೆಲಸದ ಕ್ರಮ ಹೀಗೆ. ಹಾಲಿನ ಬಣ್ಣದ ಗಾಜಿನ ಮೇಜು, ಅದರ ಕೆಳಗೆ ದೀಪ, ಮೇಲೆ ನೆಲ ನೋಡುವ ಕ್ಯಾಮೆರಾ. ಗಾಜಿನ ಮೇಲೆ ಕಪ್ಪು ಪುಡಿ ಹರಡಿ, ಬೆರಳಿನಿಂದ, ಕುಂಚದಿಂದ ಸರಿಸಿ ಚಿತ್ರ ಬರೆಯಬೇಕು. ಪುಡಿ ದಪ್ಪಗಿದ್ದಲ್ಲಿ ಕತ್ತಲು, ಸರಿದಲ್ಲಿ ಬೆಳಕು. ಒಂದು ಫೋಟೋ ತೆಗೆಯಬೇಕು. ಆಮೇಲೆ ಅದೇ ಪುಡಿಯನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು. ಸೆಕೆಂಡಿಗೆ ಹನ್ನೆರಡು. ಮುಂದಿನ ಚಿತ್ರ ಬೇಕಾದರೆ ಈಗಿರುವುದನ್ನು ಕೆಡಿಸಲೇಬೇಕು. ಫೋಟೋ ಉಳಿಯುತ್ತದೆ, ಚಿತ್ರ ಉಳಿಯುವುದಿಲ್ಲ. ಶಾಟ್ ಶುರುವಾದ ಮೇಲೆ ಮುಗಿಯುವ ತನಕ ಗಾಜನ್ನು ಯಾರೂ ಮುಟ್ಟಬಾರದು. ಅದಕ್ಕೆಂದೇ ಮೇಜಿನ ಸುತ್ತ ಕಪ್ಪು ಪರದೆ ಕಟ್ಟಿದ್ದೆವು. ಪರದೆಯೊಳಗೆ ಪೊರಕೆ ತರಬೇಡ ಎಂದು ಮಲ್ಲಮ್ಮನಿಗೆ ಮೊದಲ ದಿನವೇ ಹೇಳಿದ್ದೆವು.

ಪರದೆಯೊಳಗೆ ಫ್ಯಾನ್ ಇಲ್ಲ. ಏಸಿಯ ಗಾಳಿಗೂ ಪುಡಿ ಹಾರುತ್ತದೆ. ಊಟದ ಹೊತ್ತಿನಲ್ಲಿ ಏಸಿ ಹಾಕಿ ಕೋಣೆ ತಣ್ಣಗೆ ಮಾಡಿ, ಕೆಲಸಕ್ಕೆ ಕೂರುವಾಗ ಆರಿಸುತ್ತಿದ್ದೆವು. ಏಪ್ರಿಲ್, ಮೇ ತಿಂಗಳಲ್ಲಿ ಆ ತಂಪು ಎಷ್ಟು ಹೊತ್ತು ನಿಂತೀತು? ಹಣೆಯ ಬೆವರು ಗಾಜಿನ ಮೇಲೆ ಬಿದ್ದರೆ ಪುಡಿ ಮುದ್ದೆಯಾಗುತ್ತದೆ. ಅದಕ್ಕೆ ಇಬ್ಬರೂ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಿದ್ದೆವು. ಮೈನಸ್ ಮೂವತ್ತರ ಚಳಿ ಕಂಡ ಹೆಂಗಸು ನಾಚಾರಂನ ಸೆಕೆಯಲ್ಲಿ ಟವೆಲ್ ಕಟ್ಟಿಕೊಂಡು ಹೆಪ್ಪುಗಟ್ಟಿದ ನದಿಯ ಚಿತ್ರ ಬರೆಯುತ್ತಿದ್ದರು.

ವೇರಾ ಮೇಡಂ ತಮ್ಮ ಊರಿನಿಂದ ತಂದಿದ್ದ ಮರಳು ಫೆಬ್ರವರಿಗೇ ಸಾಲದಾಯಿತು. ರಂಗೋಲಿ ಪುಡಿ ಹಾಕಿ ನೋಡಿದೆವು. ಅದರೊಳಗೆ ಬೆಳಕು ಹಾಯುತ್ತದೆ, ಚಿತ್ರ ನೀರುಮಜ್ಜಿಗೆಯಂತೆ ಕಾಣುತ್ತದೆ. ಇದ್ದಿಲ ಪುಡಿ ಗಾಜಿಗೆ ಅಂಟಿತು. ಕೊನೆಗೆ ಪಕ್ಕದ ವರ್ಕ್‌ಶಾಪಿನಲ್ಲಿ ಲೋಹ ಉಜ್ಜಲು ಇಟ್ಟಿದ್ದ ಎಮರಿ ಪುಡಿ ತಂದೆ. ವೇರಾ ಮೇಡಂ ಚಿಟಿಕೆ ಹಿಡಿದು ಗಾಜಿನ ಮೇಲೆ ಸುರಿದು, "ಇದು ನಮ್ಮ ನದಿಯ ನೀರಿಗಿಂತ ಕಪ್ಪು" ಎಂದರು. ಅದೇ ಆಯಿತು. ನನ್ನ ಎದೆಯಲ್ಲಿರುವುದೂ ಬಹುಶಃ ಅದೇ.

ಕೈಗೆ ಬಳೆ ಕೂಡದು, ಗಾಜಿಗೆ ತಗಲುತ್ತದೆ. ಬಳೆ ತೆಗೆದಿಟ್ಟ ದಿನ ಮಲ್ಲಮ್ಮ ನನ್ನ ಕೈ ಹಿಡಿದು ನೋಡಿದಳು.

"ಮದುವಿ ಆಗೋ ಹುಡುಗಿ ಬರಿಗೈಲೆ ಕುಂತರ ಯಾವನ್ರಿ ಬರ್ತಾನ? ಈ ಮುದುಕಿಗಿ ಹೇಳ್ರಿ. ತಾ ಮಣ್ಣಾಗ ಆಡಾಕತ್ತಾಳ ಕೂಸಿನಂಗ, ನಿಮ್ಮನ್ನೂ ಕರಕೊಂಡಾಳ."

"ಮಣ್ಣಲ್ಲ ಮಲ್ಲಮ್ಮಕ್ಕ, ಸಿನಿಮಾ."

"ಸಿನಿಮಾ! ಹೀರೋ ಎಲ್ಲಿ? ಒಂದ್ ಹೆಂಗಸು ಹೊಂಟಾಳ, ಹೊಂಟಾಳ, ಎರಡ್ ತಿಂಗಳಿಂದ ಹೊಂಟಾಳ. ನಮ್ಮೂರಿಗಿ ನಡಕೊಂಡು ಹೋಗಿದ್ರೂ ಮುಟ್ಟತಿದ್ಲು."

ಅವಳು ಹೇಳಿದ್ದು ನಿಜ. ಚಿತ್ರದಲ್ಲಿ ಇದ್ದದ್ದು ಅಷ್ಟೇ. ವೇರಾ ಮೇಡಂ ಆರು ವರ್ಷದವರಿದ್ದಾಗ ಅವರ ತಾಯಿ ಒಂದು ಬೆಳಿಗ್ಗೆ ಗಂಟು ಹಿಡಿದು, ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು, ಆಚೆ ದಡದ ಆಸ್ಪತ್ರೆಗೆ ಹೋದರು. ಮಗಳು ಈಚೆ ದಡದಲ್ಲಿ ನಿಂತು ಕೂಗಿದಳು. ನದಿಯ ನಡುವೆ ತಾಯಿ ಒಮ್ಮೆ ತಿರುಗಿ ನೋಡಿದರು. ಮತ್ತೆ ವಾಪಸು ಬರಲಿಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ನದಿಯ ನಡುವೆ ತಿರುಗಿದ ಆ ಮುಖ ಇದ್ದದ್ದು ವೇರಾ ಮೇಡಂ ತಲೆಯಲ್ಲಿ ಮಾತ್ರ.

ಇದನ್ನು ಅವರು ಒಮ್ಮೆ ಮಾಡಿ ಸೋತಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಗಿ ಗಾಜು ಕತ್ತಲಾದಾಗ, ಚಾ ಕುಡಿಯುತ್ತ ಹೇಳಿದರು. ಯೌವನದಲ್ಲಿ ಅವರು ಸರಕಾರಿ ಸ್ಟುಡಿಯೋದಲ್ಲಿದ್ದರು. ಮೊದಲ ಸ್ವತಂತ್ರ ಚಿತ್ರಕ್ಕೆ ಇದೇ ಕತೆ ಆರಿಸಿದರು. ಮುಗಿಯುತ್ತ ಬಂದಾಗ ಮೇಲಧಿಕಾರಿ ನೋಡಿದ. ಕೆಟ್ಟವನಲ್ಲ, ಮಕ್ಕಳನ್ನು ಕಂಡರೆ ಪ್ರೀತಿಯಿದ್ದವನು. "ಮಕ್ಕಳ ಚಿತ್ರದಲ್ಲಿ ತಾಯಿ ಹೋಗಿಬಿಡುವುದು ಎಂದರೇನು? ವಾಪಸು ಬರಲಿ. ಕೈಯಲ್ಲಿ ಬ್ರೆಡ್ ಇರಲಿ" ಎಂದ. ಒಪ್ಪದಿದ್ದರೆ ಚಿತ್ರವನ್ನು ಯಾರಿಗೂ ತೋರಿಸದೆ ಕಪಾಟಿಗೆ ಸೇರಿಸುವುದಾಗಿಯೂ ಹೇಳಿದ. ಇಪ್ಪತ್ತೇಳು ವರ್ಷದ ವೇರಾ ತಾಯಿಯನ್ನು ಬ್ರೆಡ್ ಹಿಡಿಸಿ ವಾಪಸು ಕರೆತಂದರು. ಚಿತ್ರಕ್ಕೆ ಬಹುಮಾನ ಬಂತು.

"ಆಮೇಲೆ?" ಎಂದೆ.

"ಆಮೇಲೆ ಕರಡಿಗಳು" ಎಂದರು. "ಮೊಲಗಳು. ಹಲ್ಲು ಉಜ್ಜುವ ಮುಳ್ಳುಹಂದಿ. ಚೆನ್ನಾಗಿಯೇ ಮಾಡಿದೆ, ಸಾಶಾ. ಆಮೇಲೆ ದೇಶವೇ ಬದಲಾಯಿತು, ಸ್ಟುಡಿಯೋ ಮುಚ್ಚಿತು. ನಮ್ಮ ಕ್ಯಾಮೆರಾ ಇದ್ದ ಹಾಲಿನಲ್ಲಿ ಸೋಫಾ ಮಾರಲು ಶುರು ಮಾಡಿದರು. ನಾನು ಮೊಸರಿನ ಜಾಹೀರಾತು ಮಾಡಿದೆ. ಪಾಠ ಹೇಳಿದೆ. ಪ್ರತಿ ವರ್ಷ, ಮುಂದಿನ ವರ್ಷ ನದಿ ಮಾಡುತ್ತೇನೆ ಎಂದುಕೊಂಡೆ. ಕಣ್ಣು ಇರುತ್ತದೆ ಎಂದೇ ಅಂದುಕೊಂಡಿದ್ದೆ."

ಕರೆಂಟು ಬಂತು. ಗಾಜು ಬೆಳಗಿತು. ಕೂತೆವು.

ನನ್ನ ಒಂದು ಎಡವಟ್ಟನ್ನೂ ಹೇಳಬೇಕು, ಹೊಸಬರಿಗೆ ಉಪಯೋಗವಾದೀತು. ಜೂನ್ ತಿಂಗಳಲ್ಲಿ ಒಂದು ದಿನ ಪರದೆಯೊಳಗಿದ್ದಾಗ ಸೀನು ಬಂತು. ಮುಖ ತಿರುಗಿಸಿದೆ, ಸಾಕಾಗಲಿಲ್ಲ. ದಡದ ಮೇಲೆ ನಿಂತಿದ್ದ ಮಗುವಿನ ತಲೆಯೇ ಹಾರಿಹೋಯಿತು. ನಾನು ಅಳಲು ಶುರು ಮಾಡಿದೆ. ವೇರಾ ಮೇಡಂ, "ಅಳಬೇಡ, ಕಣ್ಣೀರು ಬಿದ್ದರೆ ಇನ್ನೂ ಕಷ್ಟ" ಎಂದರು. ಒಂದು ಫೋಟೋ ತೆಗೆದು, ಚದುರಿದ ಪುಡಿಯನ್ನು ಇನ್ನಷ್ಟು ಚದುರಿಸಿ, ಮತ್ತೊಂದು ತೆಗೆದರು. ಸಂಜೆಯ ಹೊತ್ತಿಗೆ ಅದು ದಡದ ಮೇಲೆ ಬೀಸಿದ ಹಿಮಗಾಳಿಯಾಗಿತ್ತು, ಗಾಳಿ ಕಳೆದ ಮೇಲೆ ಮಗು ಮತ್ತೆ ಅಲ್ಲೇ ನಿಂತಿತ್ತು. ಆದ ತಪ್ಪನ್ನು ಹಿಂದಕ್ಕೆ ಒಯ್ಯಲು ಬರುವುದಿಲ್ಲ, ಮುಂದಕ್ಕೆ ಒಯ್ಯಬೇಕು ಎಂದು ಅವತ್ತು ಹೇಳಿಕೊಟ್ಟರು. ಈ ಮಾತು ಎಲ್ಲ ತಪ್ಪಿಗೂ ನಡೆಯುವುದಿಲ್ಲ ಎಂದು ನಾಲ್ಕು ತಿಂಗಳಲ್ಲಿ ಇಬ್ಬರಿಗೂ ತಿಳಿಯಿತು.

ದಸರೆಯ ಹೊತ್ತಿಗೆ ಎಲ್ಲ ಮುಗಿದು, ಮುಖ ತಿರುಗುವ ಶಾಟ್ ಒಂದೇ ಉಳಿದಿತ್ತು. ಅದನ್ನು ಅವರು ಬೇಕೆಂದೇ ಕೊನೆಗೆ ಇಟ್ಟಿದ್ದರು. ಆ ಮುಖವನ್ನು ಕಾಗದದ ಮೇಲೆ ಒಮ್ಮೆಯೂ ಬರೆದಿರಲಿಲ್ಲ. ಕಾಗದದಲ್ಲಿ ಬರೆದರೆ ಆಮೇಲೆ ಕೈ ಕಾಗದವನ್ನೇ ನಕಲು ಮಾಡುತ್ತದೆ ಎನ್ನುತ್ತಿದ್ದರು. ನಾನು ಪುಡಿ ಹಾಕಿ ಕೊಡುವುದು, ಕ್ಯಾಮೆರಾ ಒತ್ತುವುದು, ಅಷ್ಟೇ. ಗೋಡೆಯನ್ನು ನೋಡುತ್ತ, ಕಣ್ಣಂಚಿನಿಂದ ಗಾಜನ್ನು ಹಿಡಿದು, ಅವರೇ ಬೆರಳಾಡಿಸಿದರು. ಭುಜ ತಿರುಗಿತು. ತಲೆವಸ್ತ್ರದ ಅಂಚು, ಆಮೇಲೆ ಕಿವಿ, ಆಮೇಲೆ ಕೆನ್ನೆಯ ಗೆರೆ ಬಂತು. ಕೆನ್ನೆ ಬಂದ ದಿನ ಅವರು ಊಟ ಮಾಡಲಿಲ್ಲ.

"ಇವಳೇ" ಎಂದರು. "ಇನ್ನು ಮೂರು ದಿನ. ಇವಳ ಕಣ್ಣು ಬರುತ್ತದೆ."

ಮರುದಿನ ಸೂಜಿ ಹಾಕಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ತಪ್ಪಿಸುವಂತಿರಲಿಲ್ಲ. ಪರದೆ ಎಳೆದು, ಪಿನ್ನು ಹಾಕಿ ಹೋದೆವು. ಅಂದು ಖಂಡೇನವಮಿ, ಆಯುಧ ಪೂಜೆಯ ದಿನ. ನಾಚಾರಂನಲ್ಲಿ ಆ ದಿನ ಯಾವ ಯಂತ್ರವೂ ದುಡಿಯುವುದಿಲ್ಲ. ಲೇಥು, ಲಾರಿ, ತೂಕದ ತಕ್ಕಡಿ ಎಲ್ಲಕ್ಕೂ ಮೈ ತೊಳೆಸಿ, ಅರಿಸಿನ ಕುಂಕುಮ ಇಟ್ಟು, ಗೇಟಿನ ಮುಂದೆ ಬೂದುಗುಂಬಳ ಒಡೆಯುತ್ತಾರೆ. ನಾವು ಆಟೋದಲ್ಲಿ ವಾಪಸು ಬರುವಾಗ ರಸ್ತೆಯ ತುಂಬ ಕೆಂಪು ನೀರು ಹರಿದಿತ್ತು. ವೇರಾ ಮೇಡಂ ಅವರ ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು.

ಒಳಗೆ ಕರ್ಪೂರದ ವಾಸನೆ. ಪ್ರತಿ ಕಂಪ್ಯೂಟರಿಗೂ ಕುಂಕುಮದ ಬೊಟ್ಟು, ಪ್ರಿಂಟರಿಗೆ ಚೆಂಡುಹೂವಿನ ಹಾರ. ನಮ್ಮ ಕಪ್ಪು ಪರದೆಯನ್ನು ಎರಡೂ ಕಡೆ ಸರಿಸಿ, ಹೂವಿನ ಸರದಿಂದ ಕಟ್ಟಿದ್ದರು. ಮೇಜಿನ ದೀಪ ಉರಿಯುತ್ತಿತ್ತು. ಹಾಲುಗಾಜಿನ ಮೇಲೆ ಒಂದು ಕರಿ ಕಣವೂ ಇರಲಿಲ್ಲ. ಗಾಜಿನ ತುಂಬ ಕಮಲದ ರಂಗೋಲಿ, ನಡುವೆ ಅರಿಸಿನ, ಅದರ ನಡುವೆ ಕುಂಕುಮ. ಕೆಳಗಿನ ಬೆಳಕಿಗೆ ಅದು ಉರಿಯುವಂತೆ ಕಾಣುತ್ತಿತ್ತು.

ವೇರಾ ಮೇಡಂ ತಲೆ ಓರೆ ಮಾಡಿ ನೋಡಿದರು. ಮುಖ ಅರಳಿತು.

"ಎಷ್ಟು ಚೆಂದ ಇದೆ! ಇದು ಯಾರ ಮೇಜು, ಸಾಶಾ?"

ಅವರು ಹತ್ತಿರ ಹೋದರು. ಮಣಿಕಟ್ಟು ಊರಲೆಂದು ಮೇಜಿನ ಮೂಲೆಗೆ ತಾವೇ ಬಟ್ಟೆ ಸುತ್ತಿಕೊಂಡಿದ್ದರು. ಕೈ ಆ ಬಟ್ಟೆಯನ್ನು ಮುಟ್ಟಿತು, ಅಲ್ಲೇ ನಿಂತಿತು. ಅವರ ಮುಖದಲ್ಲಿದ್ದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಮಲ್ಲಮ್ಮ ಹೊಸ ಸೀರೆ ಉಟ್ಟು, ಒಂದು ಡಬ್ಬಿ ಹಿಡಿದು ಓಡಿಬಂದಳು.

"ಒಂದ್ ಚಿಟಿಕಿನೂ ಚೆಲ್ಲಿಲ್ರಿ ಅಕ್ಕಾರ. ಕರಿ ಪುಡಿ ಎಲ್ಲಾ ಮೆತ್ತನ ಅರಿವಿಲೆ ಕೂಡಿಸಿ ಡಬ್ಬಿಯೊಳಗ ತುಂಬೀನಿ, ನೋಡ್ರಿ."

"ಮಲ್ಲಮ್ಮಕ್ಕ, ಪರದೆ ಒಳಗ ಹೋಗಬ್ಯಾಡ ಅಂದಿದ್ದೆವಲ್ಲ."

"ಪೊರಕಿ ತರಬ್ಯಾಡ ಅಂದಿದ್ರಿ. ತಂದಿಲ್ಲ. ಮಾಲಕ್ರು ಎಲ್ಲಾ ಸಾಮಾನು ಸ್ವಚ್ಛ ಮಾಡು ಅಂದ್ರು. ಎಲ್ಲಾಕೂ ಪೂಜಿ ಮಾಡಿ ಅಮ್ಮಾರ ಮೇಜು ಒಂದ ಬಿಟ್ರ ಹೆಂಗ್ರಿ? ಪೂಜಿ ಕಾಣದ ಸಾಮಾನಿನ ಮ್ಯಾಲ ಕುಂತು ಕುಂತೇ ಅವ್ರ ಕಣ್ಣು ಹಿಂಗಾಗ್ಯಾವು. ಹೊಸ್ತಿಲಿಗಿ ಹಾಕೋ ಸಾದಾ ರಂಗೋಲಿ ಅಲ್ರಿ ಇದು. ಕಣ್ಣಿಗಿ ಛಲೋ ಆಗಲಿ ಅಂತ ಹಾಕೋದು."

ಆಗಲೇ ಸುಧಾಕರ ಗಾರು ಬಂದರು. ನೋಡಿದ ಕೂಡಲೇ ತೆಲುಗಿನಲ್ಲಿ ಕಿರುಚಿದರು. "ಎವರು ಚೆಯ್ಯಮನ್ನಾರು ನಿನ್ನು?" ಇದನ್ನು ಮಾಡು ಎಂದು ನಿನಗೆ ಯಾರು ಹೇಳಿದರು ಎಂದು.

"ನೀವ ಅಂದ್ರಲ್ರಿ" ಎಂದಳು ಮಲ್ಲಮ್ಮ. ಏನೋ ಆಗಿದೆ ಎಂದು ಅವಳಿಗೆ ಆಗ ಹೊಳೆಯಿತು. ಡಬ್ಬಿ ಹಿಡಿದ ಕೈ ಕೆಳಗಿಳಿಯಿತು.

ನಾಳೆಯಿಂದ ಬರಬೇಡ ಎಂದರು ಸುಧಾಕರ ಗಾರು. ವೇರಾ ಮೇಡಂ ಬಂದು ನಡುವೆ ನಿಂತರು. ಅವರಿಗೆ "ಬ್ಯಾಡ" ಎಂದರು. ಇನ್ನೊಮ್ಮೆ "ಬ್ಯಾಡ" ಎಂದರು. ಆಮೇಲೆ ಮಲ್ಲಮ್ಮನ ಕಡೆ ತಿರುಗಿ, "ಚಾ" ಎಂದು ಕೇಳಿದರು. ಮಲ್ಲಮ್ಮ ಅಳುತ್ತ ಚಾ ತಂದುಕೊಟ್ಟಳು. ವೇರಾ ಮೇಡಂ ಅದನ್ನು ಕುಡಿದರು.

ಹೊರಗಿನವರಿಗೆ ಇದು ದೊಡ್ಡ ನಷ್ಟವಾಗಿ ಕಾಣಲಿಕ್ಕಿಲ್ಲ. ಅದುವರೆಗಿನ ಫೋಟೋಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಕೊನೆಯ ಫೋಟೋ ನೋಡಿಕೊಂಡು ಗಾಜಿನ ಮೇಲೆ ಮತ್ತೆ ಹಾಗೆಯೇ ಬರೆದು ಮುಂದುವರಿಸಿದರಾಯಿತಲ್ಲ ಎಂದು ಎಲ್ಲರೂ ಅಂದರು. ನಾವೂ ಹಾಗೆಯೇ ಶುರು ಮಾಡಿದೆವು. ಆದರೆ ಆ ಸಲದ ಸೂಜಿ ಹಿಡಿಯಲಿಲ್ಲ, ಕಣ್ಣು ಇನ್ನೂ ಇಳಿಯಿತು. ಅವರ ಬೆರಳು ಈಗ ಕೆನ್ನೆ ಇದ್ದಲ್ಲಿ ಕುತ್ತಿಗೆ ಬರೆಯುತ್ತಿತ್ತು. ಎರಡು ದಿನದ ಮೇಲೆ ಕುಂಚವನ್ನು ನನ್ನ ಕೈಗಿಟ್ಟು, ನನ್ನ ಮಣಿಕಟ್ಟಿನ ಮೇಲೆ ತಮ್ಮ ಕೈಯಿಟ್ಟು ಕೂತರು.

ಭುಜ, ತಲೆವಸ್ತ್ರ, ಕೆನ್ನೆ ಮಾನಿಟರ್ ನೋಡಿಕೊಂಡು ಸರಿಯಾಗಿ ಬಂದವು. ಮುಂದಿನದಕ್ಕೆ ನೋಡಿಕೊಳ್ಳಲು ಏನೂ ಇರಲಿಲ್ಲ. ಅವರು ಹೇಳುತ್ತಿದ್ದರು: ಕಣ್ಣು ಇನ್ನೂ ಒಳಗೆ, ಹುಬ್ಬು ಇಷ್ಟು ಕಪ್ಪಲ್ಲ, ತುಟಿ ಮುಚ್ಚಿತ್ತು, ಇಲ್ಲ, ಸ್ವಲ್ಪ ತೆರೆದಿತ್ತು. ನಾನು ಬರೆಯುತ್ತಿದ್ದೆ. ಮುಖ ಪೂರ್ತಿಯಾದಾಗ ಅವರು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಕಣ್ಣಂಚಿಗೆ ತಂದುಕೊಂಡು ನೋಡುತ್ತಿದ್ದರು.

"ಇವಳು ನಿಮ್ಮೂರಿನವಳು" ಎಂದರು ಮೊದಲ ಸಲ. ಅಳಿಸಿದೆವು.

"ಇವಳು ನಮ್ಮ ಸ್ಟುಡಿಯೋದಲ್ಲಿ ಸಂಬಳ ಕೊಡುತ್ತಿದ್ದವಳು. ಜಿಪುಣಿ." ನಗುತ್ತ ಅಳಿಸಿದೆವು.

"ಇದು ನಾನೇ." ಅದನ್ನು ಅಳಿಸುವಾಗ ನಗಲಿಲ್ಲ.

ದೀಪಾವಳಿ ಹತ್ತಿರ ಬಂತು. ದಿನಾ ಒಂದು ಮುಖ, ಕೆಲವು ದಿನ ಎರಡು. ಮಲ್ಲಮ್ಮ ಪರದೆಯಿಂದ ಮಾರು ದೂರ ನಿಂತು ಚಾ ಇಟ್ಟು ಹೋಗುತ್ತಿದ್ದಳು. ನನ್ನನ್ನು ಕಂಡಾಗಲೆಲ್ಲ, "ಬಂತೇನ್ರಿ ಅಕ್ಕಾರ, ಮಾರಿ ಬಂತೇನ್ರಿ?" ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ವೇರಾ ಮೇಡಂ ಬಂದವರು ಪರದೆಯೊಳಗೆ ಬರಲಿಲ್ಲ. ಹೊರಗೆ ಕುರ್ಚಿಯ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ಹುಷಾರಿಲ್ಲವೇ ಎಂದು ಕೇಳಿದೆ.

"ದಿನಾ ಎದ್ದ ಕೂಡಲೇ ಅವಳನ್ನು ಒಮ್ಮೆ ನೆನೆಸಿಕೊಳ್ಳುತ್ತೇನೆ, ಸಾಶಾ. ಆರನೆಯ ವಯಸ್ಸಿನಿಂದ ರೂಢಿ. ಇವತ್ತು ನೆನೆಸಿಕೊಂಡೆ. ನೀನು ನಿನ್ನೆ ಬರೆದ ಮುಖ ಬಂತು."

ನಾನು ಕೈಯಲ್ಲಿದ್ದ ಕುಂಚ ಕೆಳಗಿಟ್ಟೆ.

"ಅದರ ಹಿಂದಿನದನ್ನು ಹುಡುಕಿದೆ. ಮೊನ್ನೆಯದು ಬಂತು. ಅದರ ಹಿಂದೆ ಆ ಜಿಪುಣಿ ಬಂದಳು. ಅದರಾಚೆ ಏನೂ ಇಲ್ಲ. ಬರೀ ತಲೆವಸ್ತ್ರ."

ಅಂದಿನಿಂದ ಅವರು ಆ ಮೇಜಿಗೆ ಕೂರಲಿಲ್ಲ. ಪುಡಿ ಕೆಲಸದಲ್ಲಿ ನಾನು ಕಂಡ ಅತಿ ದೊಡ್ಡ ಹಾನಿ ಖಂಡೇನವಮಿಯ ದಿನ ಆದದ್ದಲ್ಲ. ಅದರ ನಂತರ ನಾವಿಬ್ಬರೂ ಸೇರಿ, ಒಳ್ಳೆಯದಾಗಲೆಂದು, ದಿನವೂ ಮಾಡಿದ್ದು.

ಸುಧಾಕರ ಗಾರು ಕೆಟ್ಟವರಲ್ಲ ಎಂಬುದನ್ನೂ ಬರೆಯಬೇಕು. ವರ್ಷದ ಕೊನೆಯೊಳಗೆ ಚಿತ್ರ ಕೊಡದಿದ್ದರೆ ಟ್ರಸ್ಟಿನ ಮುಂದೆ ಅವರ ತಲೆ ತಗ್ಗುತ್ತಿತ್ತು. ಅವರು ಆ ಶಾಟನ್ನು ಕೆಳಗಿನ ಮಹಡಿಯ ಕಂಪ್ಯೂಟರಿನವರಿಗೆ ಕೊಟ್ಟರು. ಲೆಕ್ಕವಿಲ್ಲದಷ್ಟು ಮುಖ ನೋಡಿ ಕಲಿತ ಸಾಫ್ಟ್‌ವೇರ್ ಈಗ ಎಲ್ಲ ಕಡೆ ಇದೆ. ಕೆನ್ನೆಯ ಗೆರೆ ತೋರಿಸಿದರೆ ಉಳಿದ ಮುಖವನ್ನು ಅದೇ ತುಂಬುತ್ತದೆ, ಪುಡಿಯಲ್ಲಿ ಬರೆದಂತೆಯೇ ಕಾಣಿಸುತ್ತದೆ. ಒಂದು ಮಧ್ಯಾಹ್ನದಲ್ಲಿ ಮುಗಿಯಿತಂತೆ. ನನಗೆ ಗೊತ್ತಾದದ್ದು ಡಿಸೆಂಬರಿನಲ್ಲಿ, ವೇರಾ ಮೇಡಂಗೆ ಚಿತ್ರ ತೋರಿಸುವ ದಿನ ಬೆಳಿಗ್ಗೆ.

"ಚೂಡಮ್ಮಾ, ನೋಡು ಶಶಿ" ಎಂದರು ಸುಧಾಕರ ಗಾರು. "ಅವರಿಗೆ ಸರಿಯಾಗಿ ಕಾಣೋದಿಲ್ಲ. ತಾಯಿ ತಿರುಗಿದಳು ಅಂತ ನೀನು ಹೇಳಿದರೆ ಸಾಕು. ಮುದುಕಿ ಸಮಾಧಾನವಾಗಿ ಊರಿಗೆ ಹೋಗುತ್ತಾರೆ. ನಿನ್ನ ಗಂಟೇನು ಹೋಗುತ್ತದೆ?"

ಅವರ ಮಾತಿನಲ್ಲಿ ಮೋಸ ಇರಲಿಲ್ಲ, ಕರುಣೆಯೇ ಇತ್ತು.

ಚಿಕ್ಕ ಥಿಯೇಟರಿನಲ್ಲಿ ನಾವು ಮೂವರೇ. ನದಿ ಬಂತು. ಹಿಮಗಾಳಿ ಬೀಸಿತು. ತಾಯಿ ಮಂಜುಗಡ್ಡೆಯ ಮೇಲೆ ನಡೆದರು. ಮಗು ಕೂಗಿತು. ಭುಜ ತಿರುಗಿತು, ಕೆನ್ನೆ ಬಂತು, ಮುಖ ಬಂತು. ಎಲ್ಲಿಯೂ ತಡವರಿಸದೆ, ನುಣ್ಣಗೆ. ನಿಜವಾಗಿ ಚೆಲುವಾದ ಮುಖ.

"ತಿರುಗಿದಳಾ?" ವೇರಾ ಮೇಡಂ ಕೇಳಿದರು.

"ತಿರುಗಿದರು."

"ನೀನು ಮಾಡಿದೆಯಾ?"

"ಇಲ್ಲ."

"ಎಲ್ಲರೂ ಸೇರಿ ಮಾಡಿದ್ದು, ಮೇಡಂ" ಎಂದರು ಸುಧಾಕರ ಗಾರು.

"ಯಾರ ಕೈ, ಸಾಶಾ?"

ಸುಧಾಕರ ಗಾರು ನನ್ನನ್ನೇ ನೋಡುತ್ತಿದ್ದರು.

"ಯಾರ ಕೈಯೂ ಇಲ್ಲ ಮೇಡಂ. ಯಂತ್ರ ಮಾಡಿತು."

ಇನ್ನೊಮ್ಮೆ ಹಾಕಿ ಎಂದರು. ಎದ್ದು ಪಕ್ಕದ ಗೋಡೆಯ ಹತ್ತಿರದ ಕುರ್ಚಿಗೆ ಹೋದರು, ತೆರೆ ಕಣ್ಣಂಚಿಗೆ ಬರಲೆಂದು. ನೋಡಿದರು. ಮತ್ತೊಮ್ಮೆ ಹಾಕಿಸಿದರು. ದೀಪ ಬಂದಾಗ, "ಒಳ್ಳೆಯ ಹೆಂಗಸು" ಎಂದರು. "ನನಗೆ ಪರಿಚಯ ಇಲ್ಲ."

ಸುಧಾಕರ ಗಾರು ಏನೋ ಹೇಳಹೊರಟರು. ವೇರಾ ಮೇಡಂ ತೆರೆಯ ಕಡೆ ಕೈ ತೋರಿಸಿ, ಮಲ್ಲಮ್ಮನ ಕನ್ನಡದಲ್ಲೇ, "ಬ್ಯಾಡ" ಎಂದರು.

"ಅದನ್ನು ತೆಗೆದರೆ ತಾಯಿ ತಿರುಗುವುದೇ ಇಲ್ಲವಲ್ಲ ಮೇಡಂ! ಮಗು ಕೂಗುತ್ತದೆ, ಆಕೆ ಹೋಗುತ್ತಲೇ ಇರುತ್ತಾಳೆ. ನೋಡಿದವರು ಆಕೆಯನ್ನು ಬೈಯುತ್ತಾರೆ."

"ಹೌದು, ಬೈಯುತ್ತಾರೆ."

"ನಿಮ್ಮ ತಾಯಿ!"

"ಒಮ್ಮೆ ಸುಳ್ಳು ಹೇಳಿ ಅವಳನ್ನು ವಾಪಸು ಕರೆತಂದೆ" ಎಂದರು. "ಇನ್ನೊಮ್ಮೆ ಆಗುವುದಿಲ್ಲ."

ಮರುದಿನ ಕೂತು ಕತ್ತರಿಸಿದೆ. ಕೆನ್ನೆಯವರೆಗಿನ ಚಿತ್ರಗಳು ವೇರಾ ಮೇಡಂ ತಮ್ಮ ಕೈಯಾರೆ ಬರೆದ ಕೊನೆಯವು. ಅವನ್ನು ಉಳಿಸಿ ನೋಡಿದೆ. ಅರ್ಧ ತಿರುಗಿ ನಿಂತ ಮುಖ ಚಿತ್ರ ಕೆಟ್ಟಂತೆ ಕಂಡಿತು. ಅವರನ್ನೇ ಕೇಳಿದೆ. ಭುಜ ಕದಲುವ ಮೊದಲೇ ನಿಲ್ಲಿಸು ಎಂದರು. ಹಾಗೆಯೇ ಮಾಡಿದೆ. ಈಗ ಚಿತ್ರದಲ್ಲಿ ಮಗು ಕೂಗುತ್ತದೆ, ತಾಯಿ ಬೆನ್ನು ಮಾಡಿ ನಡೆಯುತ್ತಾರೆ, ಚಿಕ್ಕದಾಗುತ್ತಾರೆ, ಮುಗಿಯುತ್ತದೆ.

ಜನವರಿಯಲ್ಲಿ ವೇರಾ ಮೇಡಂ ಊರಿಗೆ ಹೋದರು. ಎರಡು ವರ್ಷದ ಮೇಲೆ ತೀರಿಕೊಂಡ ಸುದ್ದಿ ಬಂತು. ಮಲ್ಲಮ್ಮನ ಗಂಡನಿಗೆ ಪುಣೆಯ ಕಡೆ ಕೆಲಸ ಸಿಕ್ಕಿ ಅವರೂ ಹೋದರು. ನಾನು ಆ ಮೇಜಿನಲ್ಲೇ ಕೆಲವು ಜಾಹೀರಾತು, ಎರಡು ಸಿನಿಮಾಗಳ ಶೀರ್ಷಿಕೆ, ಒಂದು ಚಿಕ್ಕ ಚಿತ್ರ ಮಾಡಿದೆ. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕೆಮ್ಮು ಶುರುವಾಯಿತು.

ಹೋದ ತಿಂಗಳು ತಾರ್ನಾಕದ ವಿಶ್ವವಿದ್ಯಾಲಯದ ಒಂದು ಸಭಾಂಗಣದಲ್ಲಿ ವೇರಾ ಮೇಡಂ ಅವರ ಚಿತ್ರ ತೋರಿಸಿ, ಮಾತಾಡಲು ನನ್ನನ್ನು ಕರೆದಿದ್ದರು. ದೀಪ ಹಾಕಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಅತ್ತ ಹಾಗಿತ್ತು ಅವಳ ಧ್ವನಿ.

"ಆ ಮಗು ಅಷ್ಟು ಕೂಗಿದರೂ ತಾಯಿ ಒಮ್ಮೆ ಕೂಡ ತಿರುಗಿ ನೋಡುವುದಿಲ್ಲವಲ್ಲ ಮೇಡಂ. ಅಂಥ ತಾಯಿ ಇರುತ್ತಾಳಾ?"

"ತಿರುಗಿ ನೋಡಿದ್ದರು" ಎಂದೆ.

ಹುಡುಗಿ ಇನ್ನೂ ನಿಂತೇ ಇದ್ದಳು.

"ಎಲ್ಲಿ? ನಾನು ಪೂರ್ತಿ ನೋಡಿದೆ. ಇಲ್ಲವಲ್ಲ."

"ಇಲ್ಲ" ಎಂದೆ. "ನಮಗೆ ಬರೆಯಲು ಆಗಲಿಲ್ಲ."